ಮದರ್‌ಬೋರ್ಡ್ ಬದಲಿಸಿದರೆ ಹಳೆಯ ಕಂಪ್ಯೂಟರ್ ವೇಗವಾಗುತ್ತದೆಯೇ? ದುಡ್ಡು ಕೊಡುವ ಮುನ್ನ ಇದನ್ನು ಓದಿ

"ಹಳೆಯ ಕಂಪ್ಯೂಟರ್ ಮಾರಬೇಡಿ, ಕಡಿಮೆ ಬೆಲೆಯ ಹೊಸ ಮದರ್‌ಬೋರ್ಡ್ ಹಾಕಿಸಿ, ಹೊಸದರಂತೆ ಓಡುತ್ತದೆ." ಇಂಥ ಸಲಹೆಯನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ ಮಾತ್ರ.

ಮದರ್‌ಬೋರ್ಡ್ ವೇಗ ಕೊಡುತ್ತದೆಯೇ?

ಇಲ್ಲ. ಮದರ್‌ಬೋರ್ಡ್ ಎಲ್ಲ ಭಾಗಗಳನ್ನೂ ಜೋಡಿಸುವ ತಳಹದಿ. ಲೆಕ್ಕ ಮಾಡುವುದು ಪ್ರೊಸೆಸರ್. ಅದೇ ಪ್ರೊಸೆಸರ್, ಅದೇ ರ‍್ಯಾಮ್, ಅದೇ ಹಾರ್ಡ್ ಡಿಸ್ಕ್ ಉಳಿಸಿಕೊಂಡು ಬೋರ್ಡ್ ಮಾತ್ರ ಬದಲಿಸಿದರೆ ವೇಗ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಕಂಪ್ಯೂಟರ್ ನಿಧಾನವಾದಾಗಲೆಲ್ಲ ಡಿಸ್ಕ್ 100% ತೋರಿಸುತ್ತಿದ್ದು, ಅದು ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ, ಮೊದಲು ಎಸ್‌ಎಸ್‌ಡಿ ಹಾಕಿಸಿ. ಬಹಳಷ್ಟು ಮನೆಗಳಲ್ಲಿ ಅಷ್ಟೇ ಸಾಕಾಗುತ್ತದೆ.

ಹಾಗಾದರೆ ಬೋರ್ಡ್ ಯಾವಾಗ ಕೊಳ್ಳಬೇಕು?

ಒಂದು, ಹಳೆಯ ಬೋರ್ಡ್ ಕೆಟ್ಟಿದ್ದು ಉಳಿದ ಭಾಗಗಳು ಚೆನ್ನಾಗಿದ್ದಾಗ. ಇನ್ನೊಂದು, ಪ್ರೊಸೆಸರ್ ಸಮೇತ ಹೊಸ ಪೀಳಿಗೆಗೆ ಹೋಗುವಾಗ.

ಮೊದಲನೆಯದಕ್ಕೆ ಉದಾಹರಣೆ ಎಚ್61 ಬೋರ್ಡ್. ಇದು 2011ರ ಕಾಲದ ಚಿಪ್‌ಸೆಟ್. ಇಂಟೆಲ್ ಕೋರ್‌ನ ಎರಡನೇ ಮತ್ತು ಮೂರನೇ ಪೀಳಿಗೆಗೆ, ಡಿಡಿಆರ್3 ರ‍್ಯಾಮ್‌ಗೆ ಹೊಂದುತ್ತದೆ. ಹೊಸ ಡಬ್ಬಿಯಲ್ಲಿ ಬಂದರೂ ತಂತ್ರಜ್ಞಾನ ಹಳೆಯದೇ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹೊಸ ಎಚ್61 ಹಾಕಿಸಿದರೂ ಈ ಅರ್ಹತೆ ಬರುವುದಿಲ್ಲ.

ಕೊಳ್ಳುವ ಮುನ್ನ ಏನು ನೋಡಬೇಕು?

- ಸಾಕೆಟ್: ಪ್ರೊಸೆಸರ್ ಕೂರುವ ಜಾಗ. ಎಲ್‌ಜಿಎ 1155ರ ಪ್ರೊಸೆಸರ್ ಎಲ್‌ಜಿಎ 1150ರಲ್ಲಿ ಕೂರುವುದಿಲ್ಲ. ಸಾಕೆಟ್ ಹೆಸರು ಒಂದೇ ಆದರೂ ಸಾಲದು. ಆರನೇ ಮತ್ತು ಎಂಟನೇ ಪೀಳಿಗೆ ಎರಡಕ್ಕೂ ಎಲ್‌ಜಿಎ 1151 ಎಂದೇ ಹೆಸರು, ಆದರೆ ಎಂಟನೆಯದಕ್ಕೆ ಎಚ್310ರಂಥ 300 ಸರಣಿಯ ಬೋರ್ಡ್ ಬೇಕು. ತಯಾರಕರ ವೆಬ್‌ಸೈಟ್‌ನಲ್ಲಿರುವ ಪ್ರೊಸೆಸರ್ ಪಟ್ಟಿ ನೋಡಿ.
- ರ‍್ಯಾಮ್: ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಎಚ್610 ಬೋರ್ಡ್‌ಗಳು ಡಿಡಿಆರ್4, ಡಿಡಿಆರ್5 ಎರಡು ಬಗೆಯಲ್ಲೂ ಸಿಗುತ್ತವೆ. ಎಎಂಡಿಯ ಎಎಂ4 ಬೋರ್ಡ್‌ಗೆ ಡಿಡಿಆರ್4, ಎಎಂ5ಗೆ ಡಿಡಿಆರ್5 ಮಾತ್ರ.
- ಬಯಾಸ್: ಬೋರ್ಡ್‌ಗಿಂತ ಹೊಸ ಪ್ರೊಸೆಸರ್ ಹಾಕಿದರೆ ಬಯಾಸ್ ಅಪ್‌ಡೇಟ್ ಆಗುವವರೆಗೆ ಪರದೆ ಕಪ್ಪಾಗಿಯೇ ಇರಬಹುದು. ಅಂಗಡಿಯಲ್ಲೇ ಆನ್ ಮಾಡಿ ತೋರಿಸಲು ಹೇಳಿ.
- ಡಿಸ್‌ಪ್ಲೇ: ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ, 'ಜಿ' ಇಲ್ಲದ ಎಎಂ4 ರೈಜನ್‌ಗಳಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್‌ನ ಖರ್ಚು ಸೇರುತ್ತದೆ.
- ಕ್ಯಾಬಿನೆಟ್, ಪವರ್ ಸಪ್ಲೈ: ಅಂಗಡಿಯಲ್ಲಿ ಜೋಡಿಸಿದ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಮೈಕ್ರೋ ಎಟಿಎಕ್ಸ್ ಬೋರ್ಡ್ ಹೊಂದುತ್ತದೆ. ಕಂಪನಿಯಿಂದಲೇ ಸಿದ್ಧವಾಗಿ ಬಂದ ಚಿಕ್ಕ ಡೆಸ್ಕ್‌ಟಾಪ್‌ಗಳ ಬೋರ್ಡ್ ಆಕಾರ, ಪವರ್ ಕನೆಕ್ಟರ್ ಬೇರೆಯೇ ಇರಬಹುದು.

ಮರೆಯಬಾರದ ಸಂಗತಿಗಳು

ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್ ಲೈಸೆನ್ಸ್ ಹಳೆಯ ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ಹೊಸ ಬೋರ್ಡ್‌ಗೆ ಮತ್ತೆ ಕೊಳ್ಳಬೇಕಾಗಬಹುದು. ಮಕ್ಕಳ ಫೋಟೊ, ಆಸ್ತಿ ದಾಖಲೆಗಳ ಸ್ಕ್ಯಾನ್ ಏನೇ ಇರಲಿ, ಬಿಚ್ಚಿಸುವ ಮೊದಲೇ ಇನ್ನೊಂದು ಡಿಸ್ಕ್‌ಗೆ ಪ್ರತಿ ಮಾಡಿಟ್ಟುಕೊಳ್ಳಿ. ಬೋರ್ಡ್‌ನ ಸೀರಿಯಲ್ ನಂಬರ್ ಇರುವ ಬಿಲ್ ಕೇಳಿ ಪಡೆಯಿರಿ, ವಾರಂಟಿಗೆ ಅದೇ ಆಧಾರ.

ನಮ್ಮ ತೀರ್ಮಾನ

ಬೋರ್ಡ್ ಬದಲಿಸಿದರೆ ಸಾಕು, ವೇಗ ಬರುತ್ತದೆ ಎಂಬುದು ಸರಿಯಲ್ಲ. ಕೆಟ್ಟ ಬೋರ್ಡ್‌ಗೆ ಬದಲಿಯಾಗಿ ಅಗ್ಗದ್ದು ಸಾಕು. ವೇಗ ಬೇಕಿದ್ದರೆ ಮೊದಲು ಎಸ್‌ಎಸ್‌ಡಿ. ಅದೂ ಸಾಲದಿದ್ದರೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರರ ಬೆಲೆಯನ್ನೂ ಕೂಡಿಸಿ, ಬೇರೆ ಕಂಪ್ಯೂಟರ್‌ನ ಬೆಲೆಯೊಂದಿಗೆ ಹೋಲಿಸಿ ನೋಡಿ.