ನೆಗ್ಗಿಲ ಮುಳ್ಳು: ಹೆಸರಿನಲ್ಲೇ ಇದೆ ಚುಚ್ಚೋ ಗುಣ

ಜಮಖಂಡಿ: ಚಿಕ್ಕಪಡಸಲಗಿ ಸುತ್ತ ಹೊಲದ ಬದು, ಕಾಲುದಾರಿಯಲ್ಲಿ ನೆಲಕ್ಕಂಟಿ ಹಬ್ಬುವ ಹಳದಿ ಹೂವಿನ ಕಳೆಯೇ ನೆಗ್ಗಿಲು. ಸಂಸ್ಕೃತದಲ್ಲಿ ಗೋಕ್ಷುರ, ಕಾಯಿ ಆಕಳ ಗೊರಸಿನಂತಿದೆ ಅಂತ ಆ ಹೆಸರು. 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಟ್ರಿಬುಲಸ್ ಟೆರೆಸ್ಟ್ರಿಸ್. ಟೆರೆಸ್ಟ್ರಿಸ್ ಅಂದ್ರೆ ನೆಲದ್ದು. ಟ್ರಿಬುಲಸ್ ಅಂದ್ರೆ ಶತ್ರುಗಳ ಕುದುರೆ ಕಾಲಿಗೆ ಚುಚ್ಚಲೆಂದು ರೋಮನ್ನರು ದಾರಿಗೆ ಚೆಲ್ಲುತ್ತಿದ್ದ ಕಬ್ಬಿಣದ ಮುಳ್ಳು. ಹೆಂಗ ಬಿದ್ದರೂ ಒಂದು ಮೊನೆ ಮೇಲೆಯೇ! ನಮ್ಮ ನೆಗ್ಗಿಲೂ ಹಂಗ, ಸೈಕಲ್ ಪಂಕ್ಚರ್ ತೆಗೆಯೋರನ್ನು ಕೇಳಿ.

ದಶಮೂಲದ ಹತ್ತರಲ್ಲಿ ಇದೂ ಒಂದು. ಅಂಗಡಿಯಲ್ಲಿ ಒಣಕಾಯಿಗೆ ಗೋಖರು ಅಂತಾರೆ. ದೊಡ್ಡ ಕಾಯಿಯ ಆನೆನೆಗ್ಗಿಲು ಬೇರೆಯೇ ಗಿಡ. ಕೊಡುವಾಗ, ಒಯ್ಯುವಾಗ ನೋಡಿಕೊಳ್ಳಿ.

ಕುರಿಗಾರರೇ, ಈ ಬಳ್ಳಿ ಹೆಚ್ಚು ಮೇಯ್ದ ಕುರಿಗೆ ಬಿಸಿಲಲ್ಲಿ ಮುಖ, ಕಿವಿ ಬಾತುಕೊಳ್ಳಬಹುದು. ತಕ್ಷಣ ನೆರಳಿಗೆ ಕಟ್ಟಿ, ಪಶುವೈದ್ಯರಿಗೆ ತೋರಿಸಿ.