ಬೆಳಕಿನ ಅಳತೆ, ಹಸಿವಿನ ಲೆಕ್ಕ

ಹೈದರಾಬಾದಿನಲ್ಲಿ ನೆಲೆಸಿದ ನಾವು ತಾರ್ನಾಕಾದ ಕಡೆಗೆ ಹೋದಾಗಲೆಲ್ಲ ರಾಷ್ಟ್ರೀಯ ಪೋಷಣ ಸಂಸ್ಥೆಯ ಆವರಣವನ್ನು ಹಾದುಹೋಗುತ್ತೇವೆ. 1918ರಲ್ಲಿ ಕೂನೂರಿನ ಒಂದು ಕೋಣೆಯಲ್ಲಿ, ರಾಬರ್ಟ್ ಮೆಕ್‌ಕ್ಯಾರಿಸನ್ ಅವರ ಬೆರಿಬೆರಿ ಸಂಶೋಧನೆಯಾಗಿ ಹುಟ್ಟಿದ ಈ ಸಂಸ್ಥೆ 1958ರಲ್ಲಿ ಇಲ್ಲಿಗೆ ಬಂದಿತು. ಪ್ರೋಟೀನನ್ನು ಅಳೆಯುವ ವಿದ್ಯೆಗೂ ಮಕ್ಕಳ ಹಸಿವಿಗೂ ಇರುವ ನಂಟನ್ನು ಇದರ ಚರಿತ್ರೆಯಲ್ಲಿ ಕಾಣಬಹುದು.

ಮೊದಲು ವಿದ್ಯೆಯ ಮಾತು. ದ್ರಾವಣದಲ್ಲಿ ವಸ್ತು ಹೆಚ್ಚಿದಷ್ಟೂ ಅದು ಹೀರುವ ಬೆಳಕು ಹೆಚ್ಚುತ್ತದೆ. 1852ರಲ್ಲಿ ಆಗಸ್ಟ್ ಬೀರ್ ಈ ಸಂಬಂಧವನ್ನು ನಿಯಮವಾಗಿಸಿದರು. ಬಹುಪಾಲು ಪ್ರೋಟೀನುಗಳಿಗೆ ಬಣ್ಣವಿಲ್ಲ. ಆದರೆ ಅವುಗಳಲ್ಲಿರುವ ಟ್ರಿಪ್ಟೊಫಾನ್, ಟೈರೋಸಿನ್ ಎಂಬ ಅಮೈನೋ ಆಮ್ಲಗಳು 280 ನ್ಯಾನೋಮೀಟರಿನ ಆಸುಪಾಸಿನ ನೇರಳಾತೀತ ಬೆಳಕನ್ನು ಹೀರುತ್ತವೆ. ಸಾಮಾನ್ಯ ಗಾಜು ಆ ಬೆಳಕನ್ನು ತಾನೇ ತಡೆಯುವುದರಿಂದ ದ್ರಾವಣಕ್ಕೆ ಕ್ವಾರ್ಟ್ಸಿನ ಪಾತ್ರೆ ಬೇಕು. 1941ರಲ್ಲಿ ಅಮೆರಿಕದ ಬೆಕ್‌ಮನ್ ಡಿಯು ಉಪಕರಣ ಬಂದ ಮೇಲೆ ಈ ಅಳತೆ ನಿಮಿಷಗಳ ಕೆಲಸವಾಯಿತು.

ಆದರೆ ಹೀರಿದ್ದೆಲ್ಲ ಪ್ರೋಟೀನಲ್ಲ. ಜೀವಕೋಶದ ನ್ಯೂಕ್ಲಿಯಿಕ್ ಆಮ್ಲ 260ರಲ್ಲಿ ಹೆಚ್ಚಾಗಿಯೂ 280ರಲ್ಲಿ ಸಾಕಷ್ಟೂ ಬೆಳಕನ್ನು ಹೀರುತ್ತದೆ. 1940ರ ದಶಕದ ಆರಂಭದಲ್ಲಿ ಜರ್ಮನಿಯ ಒಟ್ಟೊ ವಾರ್ಬರ್ಗ್ ಮತ್ತು ವಾಲ್ಟರ್ ಕ್ರಿಶ್ಚಿಯನ್ ಎರಡೂ ತರಂಗಾಂತರಗಳಲ್ಲಿ ಅಳೆದು, ಒಂದರಿಂದ ಇನ್ನೊಂದರ ಪಾಲನ್ನು ಕಳೆಯುವ ದಾರಿಯನ್ನು ತೋರಿದರು. ಬೆರಕೆಯಲ್ಲಿ ಮತ್ತೇನಿದೆ ಎಂದು ಕೇಳದೆ ಅಂಕಿಯನ್ನು ನಂಬಬಾರದು ಎಂಬುದೇ ಅವರ ವಿಧಾನದ ಪಾಠ.

ಇದೇ ಪ್ರಶ್ನೆ ಹೈದರಾಬಾದಿನಲ್ಲಿ ಇನ್ನೊಂದು ರೂಪದಲ್ಲಿ ಎದುರಾಯಿತು. ಕ್ವಾಶಿಯೋರ್ಕರ್ ರೋಗದಲ್ಲಿ ಮಗುವಿನ ಕಾಲು, ಮುಖ ಬಾತುಕೊಳ್ಳುತ್ತವೆ. ರಕ್ತದ ಆಲ್ಬುಮಿನ್ ಪ್ರೋಟೀನು ಕುಸಿಯುತ್ತದೆ. ರಕ್ತದ ಒಟ್ಟು ಪ್ರೋಟೀನನ್ನು ತಿಳಿಯಲು ತಾಮ್ರದ ಲವಣ ಬೆರೆಸಿ, ಮೂಡುವ ನೇರಳೆ ಬಣ್ಣವನ್ನು 540 ನ್ಯಾನೋಮೀಟರಿನಲ್ಲಿ ಅಳೆಯುವುದು ರೂಢಿ. ಅಂಕಿ ಕಡಿಮೆ ಬಂದರೆ ಪ್ರೋಟೀನಿನ ಕೊರತೆ ಎನ್ನುವುದು ಸುಲಭ. 1968ರಲ್ಲಿ ವಿಶ್ವಸಂಸ್ಥೆಯ ವರದಿಯೂ ಜಗತ್ತಿಗೆ ಪ್ರೋಟೀನ್ ಬಿಕ್ಕಟ್ಟು ಕಾದಿದೆ ಎಂದು ಎಚ್ಚರಿಸಿತು.

ಸಂಸ್ಥೆಯ ನಿರ್ದೇಶಕರಾಗಿದ್ದ ಸಿ. ಗೋಪಾಲನ್ ಅದನ್ನು ಒಪ್ಪಲಿಲ್ಲ. ಒಂದೇ ಬಗೆಯ ಊಟ ಉಣ್ಣುವ ಮಕ್ಕಳಲ್ಲಿ ಒಂದು ಬಾತುಕೊಳ್ಳುತ್ತದೆ, ಇನ್ನೊಂದು ಬತ್ತಿಹೋಗುತ್ತದೆ. ಹಾಗಾದರೆ ಪ್ರೋಟೀನಿನ ಅಭಾವವೊಂದೇ ಕಾರಣವಾದೀತೆ? ಗೋಪಾಲನ್ ಅವರ ನಂತರ ನಿರ್ದೇಶಕರಾಗಿ, ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಎಸ್.ಜಿ. ಶ್ರೀಕಂಠಯ್ಯ ಅವರೂ ಈ ಬಾವಿನ ಕಾರಣವನ್ನು ಬೇರೆ ದಿಕ್ಕುಗಳಲ್ಲಿ ಹುಡುಕಿದ್ದರು. 1973ರಲ್ಲಿ ಗೋಪಾಲನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಹಳ್ಳಿಯ ಎಳೆಯ ಮಕ್ಕಳಿಗೆ ದಿನಕ್ಕೆ ಸುಮಾರು 310 ಕ್ಯಾಲೊರಿಯ ಹೆಚ್ಚುವರಿ ಆಹಾರವನ್ನು ಕೊಡಲಾಗಿತ್ತು. ಅದರಲ್ಲಿ ಪ್ರೋಟೀನು ಇದ್ದುದು 3 ಗ್ರಾಂ ಮಾತ್ರ. ಆದರೂ ಆ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಬೆಳೆದರು.

ಹೊಟ್ಟೆ ತುಂಬದ ದೇಹ ತಿಂದ ಪ್ರೋಟೀನನ್ನೂ ಇಂಧನವಾಗಿ ಉರಿಸುತ್ತದೆ. ಆ ಮಕ್ಕಳಿಗೆ ಮೊದಲು ಬೇಕಾಗಿದ್ದುದು ದುಬಾರಿಯ ಪ್ರೋಟೀನ್ ಪುಡಿಯಲ್ಲ, ಅವರ ಮನೆಯ ಅನ್ನ, ರೊಟ್ಟಿ, ಬೇಳೆಯೇ ಇನ್ನೊಂದು ತುತ್ತು ಹೆಚ್ಚಾಗಿ. ಉಪಕರಣ ತೋರಿದ ಅಂಕಿ ಸುಳ್ಳಾಗಿರಲಿಲ್ಲ; ಅದರ ಅರ್ಥವನ್ನು ತಿಳಿಯಲು ಮಗುವಿನ ತಟ್ಟೆಯನ್ನೂ ನೋಡಬೇಕಾಗಿತ್ತು.