ಷೆರೀಫನ ಕುರ್ಚಿಯೂ ಕರಿಚಿರತೆಯೂ

ಅಧ್ಯಯನ ಶಿಬಿರವೊಂದರಲ್ಲಿ ಹಳ್ಳಿ ಮೇಷ್ಟ್ರೊಬ್ಬರು ಎದ್ದು ನಿಂತು ಕೇಳಿದರು: "ದಲಿತ್ ಪ್ಯಾಂಥರ್ಸ್ ಅಂತೀರಲ್ಲ, ಆ ಪ್ಯಾಂಥರ್ ಎಲ್ಲಿಂದ ಬಂತು ಸಾರ್?" 1972ರಲ್ಲಿ ಮುಂಬಯಿಯಿಂದ ಬಂತು ಅಂದೆ. ಅಲ್ಲಿಗೆ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಬಂತು ಅಂದೆ. ಅವರಿಗೆ ಎಲ್ಲಿಂದ ಬಂತು ಅನ್ನುವುದನ್ನು ಅವತ್ತು ಹೇಳಲಿಲ್ಲ. ಅದು ಬಂದದ್ದು ಅಲಬಾಮಾ ರಾಜ್ಯದ ಒಂದು ಹತ್ತಿ ಸೀಮೆಯಿಂದ. ಅಲ್ಲಿಯ ಕರಿಯರು ಬಿಳಿ ಷೆರೀಫನ ಕುರ್ಚಿಗೆ ಕೈ ಹಾಕಿದಾಗ ಹುಟ್ಟಿದ ಗುರುತು ಅದು.

ಬ್ರಿಟಿಷರು ಮುಂಬಯಿ, ಕಲ್ಕತ್ತೆಗಳಲ್ಲಿ ಬಿಟ್ಟುಹೋದ ಷೆರೀಫ್ ಹುದ್ದೆ ಬರೀ ಅಲಂಕಾರದ್ದು. ಅಮೆರಿಕದ ಹಳ್ಳಿಗಾಡಿನ ಷೆರೀಫ್ ಹಾಗಲ್ಲ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು ಅಂದುಕೊಳ್ಳಿ. ಅದರ ಪೊಲೀಸು ಅವನದು, ಜೈಲು ಅವನದು, ಕೋರ್ಟಿನ ನೋಟೀಸು ಜಾರಿ ಮಾಡುವವನು ಅವನು, ಒಕ್ಕಲೆಬ್ಬಿಸುವ ಆದೇಶ ಹಿಡಿದು ಬಾಗಿಲಿಗೆ ಬರುವವನೂ ಅವನೇ. ಯಾರಿಗೆ ಬೇಕೋ ಅವರಿಗೆ ಬಿಲ್ಲೆ ಕೊಟ್ಟು ಡೆಪ್ಯುಟಿ ಮಾಡಬಲ್ಲ. ಮೇಲಿನವರು ನೇಮಿಸುವುದಿಲ್ಲ, ನಾಲ್ಕು ವರ್ಷಕ್ಕೊಮ್ಮೆ ಜನರೇ ಆರಿಸುತ್ತಾರೆ. ಜನ ಅಂದರೆ ಯಾರು, ಅಲ್ಲೇ ಇರುವುದು ಗುಟ್ಟು.

ಲೌಂಡ್ಸ್ ಕೌಂಟಿಯಲ್ಲಿ 1960ರ ಸುಮಾರಿಗೆ 15 ಸಾವಿರ ಚಿಲ್ಲರೆ ಜನ. ನೂರಕ್ಕೆ ಎಂಬತ್ತು ಮಂದಿ ಕರಿಯರು. ನೂರಕ್ಕೆ ತೊಂಬತ್ತರಷ್ಟು ಭೂಮಿ 86 ಬಿಳಿ ಕುಟುಂಬಗಳ ಕೈಲಿ. 1965ರ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿದ್ದ ಕರಿಯರು ಎಷ್ಟು ಗೊತ್ತೆ? ಸೊನ್ನೆ. ಬಿಳಿಯರಲ್ಲಾದರೋ ಇರುವ ವಯಸ್ಕರಿಗಿಂತ ಪಟ್ಟಿಯ ಹೆಸರುಗಳೇ ಜಾಸ್ತಿ. ಸತ್ತವರೂ ಓಟು ಹಾಕುವ ಚಮತ್ಕಾರ ನಮ್ಮದೊಂದೇ ಅಲ್ಲ.

ಇಂಥ ಊರಲ್ಲಿ ಷೆರೀಫ್ ಧಣಿಗಳ ಬೇಲಿ ಕಾಯುವವನು. 1935ರಲ್ಲಿ ಹತ್ತಿ ಬಿಡಿಸುವವರು ನೂರು ಪೌಂಡಿಗೆ ಒಂದು ಡಾಲರ್ ಕೂಲಿ ಕೊಡಿ ಅಂತ ಮುಷ್ಕರ ಹೂಡಿದರು. ಷೆರೀಫನೂ ಬಂದೂಕುಧಾರಿ ಬಿಳಿಯರ ಗುಂಪೂ ಅವರ ಮೇಲೆ ಬಿದ್ದರು, ಹೆಣಗಳು ಉರುಳಿದವು. 1947ರ ಡಿಸೆಂಬರಿನಲ್ಲಿ ಎಲ್ಮೋರ್ ಬೋಲಿಂಗ್ ಎಂಬ ಕರಿಯ ವ್ಯಾಪಾರಿಯನ್ನು ಅವನ ಅಂಗಡಿಯ ಹತ್ತಿರವೇ ಗುಂಡಿಟ್ಟು ಕೊಂದರು. ನಾಲ್ಕು ಕಾಸು ಸಂಪಾದಿಸಿದ್ದೇ ಅವನ ತಪ್ಪು. ಶಿಕ್ಷೆ ಯಾರಿಗೂ ಆಗಲಿಲ್ಲ.

ಅದೇ ನೆಲದಲ್ಲಿ 1927ರಲ್ಲಿ ಹುಟ್ಟಿದವರು ಜಾನ್ ಹ್ಯುಲೆಟ್. ಹರೆಯದಲ್ಲಿ ಬರ್ಮಿಂಗ್‌ಹ್ಯಾಮ್ ಪಟ್ಟಣಕ್ಕೆ ಹೋಗಿ ಕಬ್ಬಿಣ ಎರಕದ ಕಾರ್ಖಾನೆ ಸೇರಿದರು. ಕಾರ್ಮಿಕ ಸಂಘ ಕಟ್ಟುವುದು, ಸಭೆ ನಡೆಸುವುದು, ಹೆದರಿದವರನ್ನು ಹೊರಗೆ ಕರೆತರುವುದು, ಇದನ್ನೆಲ್ಲ ಕಲಿತದ್ದು ಅಲ್ಲಿ. 1959ರಲ್ಲಿ ಕಾಯಿಲೆಯ ತಂದೆಯನ್ನು ನೋಡಿಕೊಳ್ಳಲು ಊರಿಗೆ ವಾಪಸಾದರು. ಪಟ್ಟಣದಲ್ಲಿ ಕಲಿತದ್ದನ್ನು ಪಟ್ಟಣದಲ್ಲೇ ಬಿಟ್ಟು ಬರಲಿಲ್ಲ. ನಮ್ಮಲ್ಲಿ ಓದಿ ಕೆಲಸ ಹಿಡಿದವರು ಊರಿನ ಕಡೆ ತಲೆ ಹಾಕದಿರುವುದನ್ನು ನೋಡಿದಾಗ ನನಗೆ ಇವರ ನೆನಪಾಗುತ್ತದೆ.

1965ರ ಮಾರ್ಚಿನಲ್ಲಿ ಕರಿಯರು ಗುಂಪಾಗಿ ಹೋಗಿ ಹೆಸರು ಬರೆಸಲು ನಿಂತರು. ನೋಂದಣಿ ಇಟ್ಟದ್ದು ಎಲ್ಲಿ? ಹೇನ್ವಿಲ್‌ನ ಹಳೆಯ ಜೈಲಿನಲ್ಲಿ! ಮೊದಲು ಪಟ್ಟಿಗೆ ಸೇರಿದ ಇಬ್ಬರಲ್ಲಿ ಹ್ಯುಲೆಟ್ ಒಬ್ಬರು. ಇನ್ನೊಬ್ಬರು ಕಣ್ಣು ಕಾಣದ ಪಾದ್ರಿ. ಆ ಆಗಸ್ಟ್ 6ರಂದು ಮತದಾನ ಹಕ್ಕಿನ ಕಾಯಿದೆ ಬಂತು, ಕೇಂದ್ರದ ಅಧಿಕಾರಿಗಳು ಬಂದು ಹೆಸರು ಬರೆದುಕೊಳ್ಳತೊಡಗಿದರು. ಅದಾದ ಎರಡೇ ವಾರಕ್ಕೆ ಚಳವಳಿಗೆ ಬಂದಿದ್ದ ಜೊನಾಥನ್ ಡೇನಿಯಲ್ಸ್ ಎಂಬ ಬಿಳಿಯ ಯುವಕನನ್ನು ಹೇನ್ವಿಲ್‌ನ ಅಂಗಡಿ ಬಾಗಿಲಲ್ಲೇ ಕೊಂದರು. ಕೊಂದ ಟಾಮ್ ಕೋಲ್ಮನ್ ಷೆರೀಫನ ವಿಶೇಷ ಡೆಪ್ಯುಟಿ. ಜ್ಯೂರಿಯಲ್ಲಿ ಕೂತವರೆಲ್ಲ ಬಿಳಿಯರು. ಆತ್ಮರಕ್ಷಣೆ ಅಂತ ತೀರ್ಪು ಕೊಟ್ಟು ಬಿಟ್ಟುಬಿಟ್ಟರು. ಓಟಿಗೆ ಹೆಸರು ಬರೆಸಿದ ಪಾಲುಗಾರ ರೈತರನ್ನು ಧಣಿಗಳು ಹೊಲದಿಂದ ಓಡಿಸಿದರು. ಆ ಡಿಸೆಂಬರಿನ ಚಳಿಯಲ್ಲಿ ಅವರು ಹೆದ್ದಾರಿ ಪಕ್ಕ ಡೇರೆ ಹಾಕಿಕೊಂಡರು. ರಾತ್ರಿ ಕಾರುಗಳಲ್ಲಿ ಬಂದವರು ಡೇರೆಗಳ ಮೇಲೆ ಗುಂಡು ಹಾರಿಸಿ ಹೋಗುತ್ತಿದ್ದರು.

ಆಗ ಹ್ಯುಲೆಟ್, ಸ್ಟೋಕ್ಲಿ ಕಾರ್ಮೈಕಲ್ ಮತ್ತು ಗೆಳೆಯರು ತಮ್ಮದೇ ಪಕ್ಷ ಕಟ್ಟಿದರು. ಓದಲು ಬಾರದವರಿಗಾಗಿ ಪಕ್ಷಕ್ಕೊಂದು ಚಿಹ್ನೆ ಇರಬೇಕೆಂಬುದು ಅಲ್ಲಿಯ ಕಾನೂನು. ನಮ್ಮ ಮತಪತ್ರದಂತೆಯೇ. ಅಲಬಾಮಾದ ಡೆಮಾಕ್ರಟರ ಗುರುತು ಬಿಳಿ ಹುಂಜ. 1966ರ ಆರಂಭದವರೆಗೂ ಅದರ ಜೊತೆ ಬಿಳಿಯರ ಮೇಲುಗೈ ಎಂಬ ಘೋಷಣೆ ಅಚ್ಚಾಗುತ್ತಿತ್ತು! ಇವರು ಕರಿಚಿರತೆ ಆರಿಸಿಕೊಂಡರು.

ಅಭ್ಯರ್ಥಿಗಳನ್ನು ಆರಿಸುವ ಸಭೆಗೆ ಕೋರ್ಟಿನ ಅಂಗಳ ಕೊಡಿ ಅಂದರೆ ಷೆರೀಫ್ ಆಗುವುದಿಲ್ಲ ಅಂದ. ರಕ್ಷಣೆಗೆ ನಿನ್ನನ್ನು ನೆಚ್ಚಿಕೊಂಡಿಲ್ಲ, ನಮ್ಮನ್ನು ನಾವು ಕಾಯುತ್ತೇವೆ, ಸಭೆ ನಡೆದೇ ನಡೆಯುತ್ತದೆ ಅಂದರು ಹ್ಯುಲೆಟ್. ರಕ್ತ ಹರಿಯುತ್ತದೆಂಬ ಭಯಕ್ಕೆ ಮೇಲಿನವರು ಮಧ್ಯೆ ಬಂದರು. 1966ರ ಮೇ 3ರಂದು ಅರ್ಧ ಮೈಲಿ ದೂರದ ಚರ್ಚಿನ ಅಂಗಳದಲ್ಲಿ ಸುಮಾರು 900 ಮಂದಿ ಓಟು ಹಾಕಿ ಷೆರೀಫ್ ಸ್ಥಾನವೂ ಸೇರಿ ಏಳಕ್ಕೆ ಅಭ್ಯರ್ಥಿಗಳನ್ನು ಆರಿಸಿದರು. ನವೆಂಬರಿನಲ್ಲಿ ಏಳೂ ಜನ ಸೋತರು. ಧಣಿಗಳು ತಮ್ಮ ಹೊಲದ ಕರಿಯರನ್ನು ಲಾರಿಗಳಲ್ಲಿ ತುಂಬಿಕೊಂಡು ಬಂದು ತಮ್ಮ ಕಡೆಗೇ ಓಟು ಹಾಕಿಸಿದ್ದರು. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಚಿರತೆ ನಿಲ್ಲಲಿಲ್ಲ. ಅದೇ ಅಕ್ಟೋಬರಿನಲ್ಲಿ ಹ್ಯುಯಿ ನ್ಯೂಟನ್, ಬಾಬಿ ಸೀಲ್ ಓಕ್‌ಲೆಂಡಿನಲ್ಲಿ ಅದನ್ನೇ ಹೆಸರು ಮಾಡಿಕೊಂಡಿದ್ದರು. 1970ರ ಚುನಾವಣೆಯಲ್ಲಿ ಹ್ಯುಲೆಟ್ ಗೆದ್ದರು. ಯಾವ ಜೈಲುಮನೆಯಲ್ಲಿ ಹೆಸರು ಬರೆಸಲು ಸಾಲು ನಿಂತಿದ್ದರೋ ಆ ಊರಿನ ಜೈಲಿನ ಬೀಗದ ಕೈ ಅವರ ಕೈಗೆ ಬಂತು. ಇಪ್ಪತ್ತೆರಡು ವರ್ಷ ಷೆರೀಫ್ ಆಗಿದ್ದರು. ಆಮೇಲೆ ಕೌಂಟಿಯ ಪ್ರೊಬೇಟ್ ಜಡ್ಜ್, ಅಂದರೆ ಚುನಾವಣೆ ನಡೆಸುವ ಅಧಿಕಾರಿಯೂ ಆದರು. 2006ರಲ್ಲಿ ತೀರಿಕೊಂಡರು.

ಏನು ಬದಲಾಯಿತು? ರಾತ್ರಿ ಬಾಗಿಲು ತಟ್ಟಿದರೆ ನಡುಗುವುದು ನಿಂತಿತು. ಡೆಪ್ಯುಟಿ ಕೈಲಿ ಏಟು ತಿಂದು ಸುಮ್ಮನಿರುವ ಕಾಲ ಹೋಯಿತು. ಇದು ಸಣ್ಣದಲ್ಲ. ಏಟು ತಿಂದವರಿಗೆ ಗೊತ್ತು ಅದರ ಬೆಲೆ. ಆದರೆ ಷೆರೀಫನ ಕೈಗೆ ಭೂಮಿ ಬರುವುದಿಲ್ಲ. ಧಣಿಗಳ ಹೊಲ ಧಣಿಗಳದೇ ಆಗಿ ಉಳಿಯಿತು. ಸ್ವಂತ ಪಕ್ಷವೂ ಕರಗಿ, ಹ್ಯುಲೆಟ್ ಡೆಮಾಕ್ರಟರ ಜೊತೆ ಸೇರಿದರು, ಬಿಳಿ ರಾಜಕಾರಣಿಗಳ ಜೊತೆ ಹೊಂದಾಣಿಕೆಗೂ ಇಳಿದರು. ಡೇರೆಯಲ್ಲಿ ಚಳಿ ತಿಂದ ಹಳೆಯ ಸಂಗಾತಿಗಳಲ್ಲಿ ಕೆಲವರು ಅದನ್ನು ಒಪ್ಪಲಿಲ್ಲ. ನನಗೆ ಅವರನ್ನು ದ್ರೋಹಿ ಅನ್ನಲು ನಾಲಿಗೆ ಏಳುವುದಿಲ್ಲ. ಹಾಗಂತ ಆ ಸಂಗಾತಿಗಳ ಸಿಟ್ಟು ಸುಳ್ಳು ಅಂತಲೂ ಹೇಳಲಾರೆ.

ಲೌಂಡ್ಸ್‌ನ ಬಡ ಕರಿಯರ ಎಷ್ಟೋ ಮನೆಗಳ ಕಕ್ಕಸಿನ ನೀರು ಹಿತ್ತಲಲ್ಲೇ ನಿಲ್ಲುತ್ತದೆ. ಅಲ್ಲಿಯ ಜಿಗುಟು ಮಣ್ಣು ನೀರು ಕುಡಿಯುವುದಿಲ್ಲ, ಅದಕ್ಕೆ ತಕ್ಕ ಗುಂಡಿ ಕಟ್ಟಿಸಲು ದುಡ್ಡಿಲ್ಲ. ಗುಂಡಿ ಇಲ್ಲದವರ ಮೇಲೇ ಕ್ರಿಮಿನಲ್ ಕೇಸು ಹಾಕುವ ಕಾನೂನೂ ಇತ್ತು. 2023ರಲ್ಲಿ ಕೇಂದ್ರದ ನ್ಯಾಯ ಇಲಾಖೆ ರಾಜ್ಯದ ಆರೋಗ್ಯ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡು ಅಂಥ ಕೇಸುಗಳನ್ನು ತಡೆಯಿತು, ಮನೆಗಳಿಗೆ ವ್ಯವಸ್ಥೆ ಮಾಡಿಕೊಡಿ ಅಂದಿತು. 2025ರ ಏಪ್ರಿಲಿನಲ್ಲಿ ಹೊಸ ಸರ್ಕಾರ ಆ ಒಪ್ಪಂದವನ್ನು ರದ್ದು ಮಾಡಿತು.